ಪಡಸಾಲೆಯ ಬೋರ್ಡಿನ ನಾಲ್ಕು ಸ್ಕ್ರೂ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ನಿಮ್ಮ ಜೊತೆ ಮಾತಾಡುತ್ತಿರುವವನು ಸಾಮಾನ್ಯ ಹುಡುಗನಲ್ಲ. ಕರೆಂಟು ಎಲ್ಲರಿಗೂ ಶಾಕ್ ಕೊಡುತ್ತದೆ. ಕರೆಂಟಿಗೇ ಶಾಕ್ ಕೊಟ್ಟವನು ನಾನು. ಹೆಸರು ಪ್ರಬುದ್ಧ, ವಯಸ್ಸು ಇಪ್ಪತ್ತು, ಊರು ಹುಬ್ಬಳ್ಳಿ. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ.

ನಿಂತ ಫ್ಯಾನು ಓಡಿಸುತ್ತೇನೆ, ಓಡುವ ಫ್ಯಾನು ನಿಲ್ಲಿಸುತ್ತೇನೆ. ಲೈಟಿನ ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಬೇಕು, ಫ್ಯಾನಿನ ಸ್ವಿಚ್ಚು ಒತ್ತಿದರೆ ಲೈಟು ಹತ್ತಬೇಕು ಅಂದರೆ ಅದನ್ನೂ ಮಾಡಿ ತೋರಿಸುತ್ತೇನೆ. ಮಾಡಿದ್ದೇನೆ ಕೂಡ. ಐಟಿಐಯಲ್ಲಿ ಓದಿದ್ದು ಫಿಟ್ಟರ್, ತಾರಿಹಾಳದ ಕಾರ್ಖಾನೆಯಲ್ಲಿ ಮಾಡುವುದು ಪ್ಯಾಕಿಂಗ್. ಆದರೆ ಓಣಿಯಲ್ಲಿ ಯಾರು ಕೇಳಿದರೂ ನಾನು ಹೇಳುವುದು ಒಂದೇ: ‘ಎಲೆಕ್ಟ್ರಿಕಲ್.’

ನಮ್ಮ ಮನೆ ಹಳೆಯದು. ಮುತ್ಯಾ, ಅಂದರೆ ಅಪ್ಪನ ಅಪ್ಪ, ರೈಲ್ವೆಯಲ್ಲಿದ್ದಾಗ ಕೊಂಡದ್ದು. ಮೊಳದಗಲ ಗೋಡೆ, ತಲೆಯ ಮೇಲೆ ಸಾಗವಾನಿ ತೊಲೆ, ಗೋಡೆಯುದ್ದಕ್ಕೂ ಕಟ್ಟಿಗೆಯ ಪಟ್ಟಿ, ಪಟ್ಟಿಯ ಮೇಲೆ ವೈರು. ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಕಟ್ಟಿಗೆಯದೇ ಒಂದು ಬೋರ್ಡು. ಅದರಲ್ಲಿ ಎರಡು ಕರಿ ಸ್ವಿಚ್ಚು, ಒಂದು ಪ್ಲಗ್ಗು, ಇಟ್ಟಂಗಿಯಷ್ಟು ದಪ್ಪ ರೆಗ್ಯುಲೇಟರ್. ಇದನ್ನೆಲ್ಲ ಮೂವತ್ತು ವರ್ಷದ ಹಿಂದೆ ಕೂರಿಸಿದವನು ಖಾಜಾಸಾಬ ಕಾಕಾ. ನಮ್ಮ ಹಿಂದಿನ ಓಣಿಯವನು. ಅವನ ಹೆಂಡತಿ ಕರೀಮಾಬಿ ಕಾಕಿ, ನಮ್ಮ ಆಯಿ (ಅಪ್ಪನ ಅವ್ವ) ಮುತ್ತವ್ವ, ಇಬ್ಬರೂ ನೀರು ಬರುವ ದಿನ ನಳದ ಹತ್ತಿರ ಶುರು ಮಾಡಿದ ಮಾತು ನೀರು ಹೋದ ಮೇಲೂ ಮುಗಿಯುವುದಿಲ್ಲ.

ಏಪ್ರಿಲ್ ಮೊದಲ ವಾರ ಆ ಬೋರ್ಡು ಹಟಕ್ಕೆ ಬಿತ್ತು. ರೆಗ್ಯುಲೇಟರ್ ಒಂದಕ್ಕಿಟ್ಟರೂ ಐದಕ್ಕಿಟ್ಟರೂ ಫ್ಯಾನಿಗೆ ಒಂದೇ ನಡಿಗೆ. ಲೈಟಿನ ಸ್ವಿಚ್ಚನ್ನು ಎರಡು ಸಲ ಒತ್ತಬೇಕು, ಮೂರನೇ ಸಲಕ್ಕೆ ಬೈಯಬೇಕು, ಆಗ ಹತ್ತುತ್ತಿತ್ತು. ಊಟಕ್ಕೆ ಕೂತಾಗ ಅವ್ವ ಮಾತು ತೆಗೆದಳು. ನಮ್ಮವ್ವ ಪ್ರಭಾವತಿ, ಸರ್ಕಾರಿ ಸಾಲಿಯ ಟೀಚರು. ಮನೆಯಲ್ಲೂ ಅದೇ ದನಿ.

"ಈ ವೈರಿಂಗ್ ಪೂರಾ ತಗದು ಹೊಸಾದು ಮಾಡಸ್ರಿ. ಹುಡುಗಿ ಪರೀಕ್ಷಾಕ್ಕ ಓದಾಕತ್ತಾಳ, ಬೆವತು ಪುಸ್ತಕ ತೊಯ್ದು ಹೋಗಾಕತ್ತಾವ."

ಅಪ್ಪ ಯಮನಪ್ಪ, ಸರ್ಕಾರಿ ಕಚೇರಿಯಲ್ಲಿ ಕ್ಲರ್ಕು. ಬದನೆಕಾಯಿ ಪಲ್ಯದಿಂದ ಕಣ್ಣೆತ್ತಲಿಲ್ಲ. "ಪೂರಾ ತಗೀಯೂದೇನ? ಖಾಜಾಸಾಬ್ರಿಗೆ ಹೇಳಿದ್ರ ಎರಡ ನಿಮಿಷದ ಕೆಲಸ."

"ಹತ್ತ ವರ್ಷದಿಂದ ಎರಡ ನಿಮಿಷದ ಕೆಲಸಾನ ನಡದೈತಿ."

"ಅವ್ರ ಹಾಕಿದ್ದ ವೈರು ಇವತ್ತಿಗೂ ಒಂದ ಫ್ಯೂಜ್ ಸುಟ್ಟಿಲ್ಲ, ಪ್ರಭಾ."

"ಫ್ಯೂಜ್ ಸುಡೂದರಾಗ ಮಂದಿ ಸೆಕಿಗೆ ಬೆಂದು ಹೋಗ್ತಾರ," ಅಂದಳು ಆಯಿ. "ಅವನಿಗೆ ಕರೀರಿ. ಬಂದಾಂವ ರೊಟ್ಟಿ ತಿಂದು ಹೋಗ್ಲಿ."

ಇಷ್ಟಕ್ಕೇ ಮುಗಿದಿದ್ದರೆ ಕತೆಯಲ್ಲಿ ನನಗೆ ಪಾತ್ರವೇ ಇರುತ್ತಿರಲಿಲ್ಲ. ಪಾತ್ರ ನಾನೇ ಹುಟ್ಟಿಸಿಕೊಂಡೆ.

ನನ್ನ ಅಕ್ಕ ನೀಲಾ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಅವಳ ಟೇಬಲ್ಲು, ಅದರ ತುಂಬ ಬಿಡಿ ಹಾಳೆ. ಅವಳು ಸಂಜೆ ಐದಕ್ಕೆ ಬಂದವಳೇ ಲೈಟಿನ ಸ್ವಿಚ್ಚು ಒತ್ತುತ್ತಾಳೆ. ಒತ್ತಿದಾಗ ಲೈಟು ಹತ್ತದೆ ಫ್ಯಾನು ಬೀಸಿದರೆ? ಸೀನು ಕಣ್ಣಮುಂದೆ ಬಂತು. ಆ ಬುಧವಾರ ನನಗೆ ರಜೆ ಇತ್ತು. ಮೇನ್ ತೆಗೆದೆ, ಅಂದರೆ ಇಡೀ ಮನೆಯ ಕರೆಂಟು ಬಂದ್ (ಅಷ್ಟು ಬುದ್ಧಿ ಇದೆ), ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದೆ, ಎರಡು ಸ್ವಿಚ್ಚಿನ ವೈರು ಅದಲು ಬದಲು ಮಾಡಿದೆ. ಕನ್ನಡಿ ನೋಡಿ ಒಂದು ಡೈಲಾಗೂ ಹೊಡೆದೆ: ‘ಈ ಕೈ ಸ್ವಿಚ್ಚಿಗೆ ಬಿದ್ದರೆ ಕತ್ತಲೆಗೇ ಜ್ವರ ಬರ್ತದ.’

ಐದಕ್ಕೆ ಅಕ್ಕ ಬಂದಳು, ಒತ್ತಿದಳು. ಫ್ಯಾನು ಹೊರಟಿತು. ‘ಮಕ್ಕಳ ವಿಕಾಸ’ ಅಡುಗೆಮನೆಗೆ ಹಾರಿತು, ‘ಬೋಧನಾ ವಿಧಾನ’ ಆಯಿಯ ತಲೆ ಮೇಲೆ ಕೂತಿತು.

"ಏ, ಇದೇನ ಬಂತ ಇದಕ್ಕ!" ಅಕ್ಕ ಹಾಳೆಗಳ ಹಿಂದೆ ಓಡಿದಳು.

"ಸ್ವಿಚ್ಚಿಗೂ ಅರವತ್ತರ ಅರಳು ಮರಳು," ಅಂದಳು ಆಯಿ.

ನಾನು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದೆ. ಮೂರು ದಿನ ನಕ್ಕೆ. ನಾಲ್ಕನೇ ದಿನ ಅಪ್ಪ ಫೋನು ತೆಗೆದು, "ಖಾಜಾಸಾಬ್ರ, ನಾಳೆ ಐತವಾರ ಬರ್ರಿ, ನಮ್ಮ ಬೋರ್ಡಿಗೆ ತಲಿ ಕೆಟ್ಟೈತಿ" ಅಂದಾಗ ನಗು ನಿಂತಿತು. ಕಾಕಾ ಬೋರ್ಡು ಬಿಚ್ಚಿದರೆ ಒಂದೇ ನೋಟಕ್ಕೆ ಹೇಳುತ್ತಾನೆ, ಇದು ಯಾರದೋ ಕೈವಾಡ ಅಂತ. ಮನೆಯಲ್ಲಿ ‘ಯಾರದೋ’ ಅಂದರೆ ನಾನು.

ಅಂದೇ ಮಧ್ಯಾಹ್ನ ಅರ್ಧ ರಜೆ ಹಾಕಿ ಬಂದು, ಆಯಿ ಹಿತ್ತಲಲ್ಲಿ ಮಡಕೆಕಾಳು ಆರಿಸುತ್ತಿದ್ದಾಗ ಮೇನ್ ತೆಗೆದು ಮತ್ತೆ ಬೋರ್ಡು ಬಿಚ್ಚಿದೆ. ಈ ಸಲ ಅವಸರ. ಬೋರ್ಡನ್ನು ಗೋಡೆಯಿಂದ ಎಳೆದ ರಭಸಕ್ಕೆ ಒಳಗಿನ ಜೋಡಣೆಯೇ ಕಳಚಿ ಕೈಗೆ ಬಂತು. ಮೇನಿನಿಂದ ಬರುವ ಎರಡು ವೈರು: ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ಕಾಕಾ ಹಾಕುವಾಗ ಒಂದು ಕೆಂಪು, ಒಂದು ಕರಿ ಇದ್ದಿರಬೇಕು. ಮೂವತ್ತು ವರ್ಷದ ಹೊಗೆಯಲ್ಲಿ ಎರಡೂ ಹೆಂಚಿನ ಬಣ್ಣಕ್ಕೆ ತಿರುಗಿದ್ದವು. ಕರೆಂಟು ಯಾವುದರಲ್ಲಿದೆ ಅಂತ ತೋರಿಸುವ ಟೆಸ್ಟರ್ ನನ್ನ ಹತ್ತಿರ ಇರಲಿಲ್ಲ. ಕಣ್ಣು ಮುಚ್ಚಿ ಒಂದನ್ನು ಸ್ವಿಚ್ಚಿಗೆ ಕೊಟ್ಟೆ, ಇನ್ನೊಂದನ್ನು ಫ್ಯಾನು, ಲೈಟಿಗೆ ನೇರ ಹೋಗುವ ಗಂಟಿಗೆ ಸುತ್ತಿ ನೀಲಿ ಟೇಪು ಹಚ್ಚಿದೆ. ಮೇನ್ ಹಾಕಿದೆ. ಲೈಟಿನ ಸ್ವಿಚ್ಚಿಗೆ ಲೈಟು, ಫ್ಯಾನಿನ ಸ್ವಿಚ್ಚಿಗೆ ಫ್ಯಾನು. ಪಾಸ್!

ಸಂಜೆ ಎಲ್ಲರ ಮುಂದೆ ಸ್ವಿಚ್ಚು ಒತ್ತಿ ತೋರಿಸಿದೆ.

"ಯಾರ್ ಮಾಡಿದ್ರು?" ಅಪ್ಪ ಕೇಳಿದ.

"ನಾನ. ಏನಿಲ್ಲ, ಸ್ಕ್ರೂ ಲೂಜ್ ಆಗಿದ್ವು. ಬಿಗಿ ಮಾಡಿದೆ, ಅಷ್ಟ."

ಅಪ್ಪ ನನ್ನನ್ನು ಹಿಂದೆ ಹೊಗಳಿದ್ದು ಎಸ್ಸೆಸ್ಸೆಲ್ಸಿಯಲ್ಲಿ, ಅದೂ ‘ಹೆಂಗರ ಪಾಸಾದೆಲ್ಲ’ ಅಂತ. ಅಂದು ನನ್ನ ಹೆಗಲ ಮೇಲೆ ಕೈ ಇಟ್ಟ. "ಪ್ರಭಾ, ಮಗ ಕೆಲಸಕ್ಕ ಬಂದ ನೋಡ." ಕಾಕಾನಿಗೆ ಫೋನು ಮಾಡಿ, "ಬರೂದು ಬ್ಯಾಡ್ರಿ, ನಮ್ಮ ಪ್ರಬು ಮಾಡಿದ" ಅಂದ. ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಎದುರುಮನೆಯ ಯಜ್ಞೇಶ್ವರ ಮಾಸ್ತರರ ಮುಂದೂ ಅಪ್ಪ ನನ್ನ ಸುದ್ದಿ ಹೇಳಿ ಬಂದ. ನಾನು ಆ ವಾರ ನೆಲದ ಮೇಲೆ ನಡೆಯಲಿಲ್ಲ, ಸ್ಲೋ ಮೋಶನ್ನಿನಲ್ಲಿ ತೇಲಿದೆ.

ಎರಡನೇ ವಾರ ಆಯಿ ಒಂದು ಮಾತು ಹೇಳಿದಳು. ಅವಳು ಮಲಗುವುದು ಪಡಸಾಲೆಯಲ್ಲೇ.

"ಪ್ರಬು, ಈ ಲೈಟು ಬಂದ್ ಮಾಡಿದ್ರೂ ಪೂರಾ ಆರವಲ್ದು. ಬಲ್ಬಿನಾಗ ಸಣ್ಣ ಮಿಣುಕು ಉಳೀತೈತಿ."

"ಆಯಿ, ನಿನಗ ಝೀರೋ ಬಲ್ಬು ಫ್ರೀ ಕೊಟ್ಟೇನಿ. ಆಫರ್!"

"ಮೊದಲ ಇರ್ಲಿಲ್ಲೋ ಇದು."

"ಮೊದಲ ನಾನೂ ಇರ್ಲಿಲ್ಲಲ್ಲ!"

ಆಯಿ ನಕ್ಕಳು. ನಾನೂ ನಕ್ಕೆ. ಹಾಗೇ ಬಿಟ್ಟೆ.

ಆ ವಾರವೇ ಫ್ಯಾನು ಸೊರಗಿತು. ಕೋಲಿನಿಂದ ದೂಡಿದರೆ ತಿರುಗುವುದು, ಇಲ್ಲದಿದ್ದರೆ ಗುಂಯ್ ಅಂತ ನಿಲ್ಲುವುದು. ಫ್ಯಾನಿಗೆ ಮೊದಲ ದೂಡು ಕೊಡುವ ಕಂಡೆನ್ಸರ್ ಹೋಗಿದೆ ಅಂತ ನನಗೂ ಗೊತ್ತಾಯಿತು. ದುರ್ಗದಬೈಲಿನ ಅಂಗಡಿಯಿಂದ ಹೊಸದು ತಂದಿದ್ದೂ ನಾನೇ. ಆದರೆ ಅದನ್ನು ಹಾಕಲು ನಿಚ್ಚಣಿಕೆ ಹತ್ತಬೇಕು. ನಿಮ್ಮ ಹೀರೋ ಮೂರನೇ ಮೆಟ್ಟಿಲಿನಿಂದಲೇ ವಾಪಸ್ಸು ಇಳಿಯುತ್ತಾನೆ. "ಮ್ಯಾಲಿನ ಕೆಲಸ ಕಾಕಾಗ ಇರ್ಲಿ, ದೊಡ್ಡವ್ರು" ಅಂದೆ, ಮರ್ಯಾದೆ ಕೊಡುವವನ ಹಾಗೆ.

ಐತವಾರ ಹತ್ತು ಗಂಟೆಗೆ ಕಾಕಾ ಬಂದ. ಅರವತ್ತೆರಡರ ವಯಸ್ಸು, ಬಿಳಿ ಗಡ್ಡ, ಅಂಗಿಯ ಕಿಸೆಯಲ್ಲಿ ಟೆಸ್ಟರು. ಹುರುಪಿನಲ್ಲಿದ್ದ. ಯಜ್ಞೇಶ್ವರ ಮಾಸ್ತರರು ಮಾಳಿಗೆಯ ಮೇಲೆ ಹೊಸ ಮನೆ ಕಟ್ಟಿಸುತ್ತಿದ್ದರು, ಅದರ ಪೂರಾ ವೈರಿಂಗ್ ಅವನಿಗೇ ಅಂದಿದ್ದರು. ಎರಡು ವರ್ಷದಲ್ಲಿ ಅವನಿಗೆ ಅಂಥ ಕೆಲಸ ಬಂದಿರಲಿಲ್ಲ. ಈಗ ಎಲ್ಲರೂ ಹೊಸ ಹುಡುಗರನ್ನು ಕರೆಯುತ್ತಾರೆ.

"ಅವ್ವಾರ, ಮಾಸ್ತರ್ ಮನಿ ಮುಗೀತಂದ್ರ ಕರೀಮಾನ ಕಣ್ಣಿಂದು ಆಪರೇಶನ್ ಮಾಡಿಸಿಬಿಡತೇನ್ರಿ," ಅಂದ ಆಯಿಗೆ.

"ಮಾಡಸೋ ಮಾರಾಯಾ. ಮೊನ್ನೆ ನನ್ನ ಕೊಡ ಆಕೀದಂತ ಒಯ್ದಾಳ."

ಕಾಕಾ ನಗುತ್ತ ಮೇನಿನ ಕಡೆ ನಡೆದ. ಅಷ್ಟರಲ್ಲಿ ಅಕ್ಕ ಲ್ಯಾಪ್‌ಟಾಪಿನ ಮುಂದಿನಿಂದ ಕೂಗಿದಳು.

"ಕಾಕಾ, ಕಾಕಾ! ಆನ್‌ಲೈನ್ ಟೆಸ್ಟ್ ನಡದೈತ್ರಿ. ಇನ್ನ ಇಪ್ಪತ್ತ ನಿಮಿಷ. ಮೇನ್ ತಗದ್ರ ನೆಟ್ಟು ಹೋಗತೈತಿ, ಕೈ ಮುಗೀತೇನ್ರಿ."

ಕಾಕಾ ನಿಂತ. "ನೀ ಬರೀ ಮಗಳ. ಈ ಬೋರ್ಡು ನನ್ನ ಕೈಯಾಂದು. ನನ್ನ ಬೋರ್ಡಿನ್ಯಾಗ ಸ್ವಿಚ್ಚು ಬಂದ್ ಅಂದ್ರ ಬಂದ್, ಮ್ಯಾಲೆ ಹನಿ ಕರೆಂಟ್ ಹೋಗಂಗಿಲ್ಲ." ಫ್ಯಾನಿನ ಸ್ವಿಚ್ಚು ಆರಿಸಿದ. ನಿಚ್ಚಣಿಕೆಗೆ ಕಾಲಿಟ್ಟವನು ತಿರುಗಿ ನನ್ನನ್ನು ಕೇಳಿದ: "ಪ್ರಬು, ಅವತ್ತ ವೈರ್ ಏನರ ಬಿಚ್ಚಿದ್ದೇನೋ?"

ಅಪ್ಪ ಪಕ್ಕದಲ್ಲೇ ನಿಚ್ಚಣಿಕೆ ಹಿಡಿದು ನಿಂತಿದ್ದ. ಅಕ್ಕ ಅಲ್ಲೇ ಇದ್ದಳು. ಹೌದು ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಅಕ್ಕನ ಹಾಳೆ ಹಾರಿದ್ದು ಹೊರಗೆ ಬರುತ್ತದೆ, ಹೆಗಲ ಮೇಲಿನ ಅಪ್ಪನ ಕೈ ಕೆನ್ನೆಗೆ ಬರುತ್ತದೆ.

"ಇಲ್ರೀ ಕಾಕಾ. ಬರೇ ಸ್ಕ್ರೂ ಬಿಗಿ ಮಾಡೇನಿ."

"ಆತು ಹಂಗಾರ."

ಹತ್ತಿದ. ಫ್ಯಾನಿನ ಮೇಲಿನ ಬಟ್ಟಲು ಸರಿಸಿ ಕಂಡೆನ್ಸರಿನ ವೈರಿಗೆ ಕೈ ಹಾಕಿದ. ಸಿನಿಮಾದಲ್ಲಿ ಕಿಡಿ ಹಾರುತ್ತದೆ, ಕೂಗುತ್ತಾರೆ. ಇಲ್ಲಿ ಅದೇನೂ ಆಗಲಿಲ್ಲ. ಗಂಟಲಲ್ಲಿ ಅನ್ನ ಸಿಕ್ಕಿದ ಹಾಗೆ ‘ಹಕ್’ ಅಂದ, ಮೈ ಸೆಟೆಯಿತು, ನಿಚ್ಚಣಿಕೆ ಜಾರಿತು. ಬಲಗೈ ಮೇಲೆ ಬಿದ್ದ. ಮುಂಗೈ ಇರಬಾರದ ಕಡೆಗೆ ತಿರುಗಿತ್ತು.

ಆಯಿ ಎದೆ ಬಡಿದುಕೊಂಡಳು. ಅಪ್ಪ ಓಡಿಹೋಗಿ ಮೇನ್ ತೆಗೆದ. ಅಕ್ಕನ ಟೆಸ್ಟು ಆರಿಹೋಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಆರು ವಾರ ಅಂದರು. ಜೀವಕ್ಕೆ ಏನೂ ಆಗಲಿಲ್ಲ. ಸಂಜೆ ಮನೆಯಲ್ಲಿ ಒಲೆ ಹೊತ್ತಿದರೂ ಯಾರಿಗೂ ಹಸಿವೆ ಇರಲಿಲ್ಲ.

"ವಯಸ್ಸಾತು," ಅಂದ ಅಪ್ಪ, ಅನ್ನಕ್ಕೆ ಸಾರು ಕಲಸುತ್ತ. "ಮೇನ್ ತಗೀಲಾರದ ಯಾರರ ಕೈ ಹಾಕ್ತಾರೇನು?"

"ನಾನ ತಗೀಬ್ಯಾಡ್ರಿ ಅಂದೆ," ಅಂದಳು ಅಕ್ಕ. ಅವಳ ತಟ್ಟೆ ಹಾಗೇ ಇತ್ತು. "ನನ್ನ ಸಲುವಾಗಿ ಬಿದ್ರು."

"ನೀ ಸಣ್ಣಾಕಿ ಅಂತಿ. ದೊಡ್ಡವ್ರಿಗೆ ತಿಳೀಬೇಕು."

ಆಯಿ ನೀರಿನ ಚರಿಗೆ ಕುಕ್ಕಿದಳು. "ಯಮನಪ್ಪಾ, ಖಾಜಾಸಾಬನ ಕೈ ತಪ್ಪಂಗಿಲ್ಲ. ನಿಮ್ಮಪ್ಪ ಇದ್ದಾಗಿಂದ ನೋಡೇನಿ."

"ಅವ್ವಾ, ಕಣ್ಣಮುಂದ ಬಿದ್ದಾರ! ಇನ್ನೇನ್ ನೋಡ್ತಿ?"

"ಬಿದ್ದದ್ದ ನೋಡೇನಿ. ಯಾಕ ಬಿದ್ದ ಅಂತ ನೀ ನೋಡೀಯೇನು?"

ನಾನು ಅನ್ನ ನುಂಗುತ್ತಿದ್ದೆ. ಆಗ ನನಗೆ ಏನೂ ಗೊತ್ತಿರಲಿಲ್ಲ ಅಂತ ಬರೆದರೆ ನೀವು ನಂಬುತ್ತೀರಿ. ಪೂರ್ತಿ ಗೊತ್ತಿರಲಿಲ್ಲ, ಅಷ್ಟು ಖರೆ. ಆ ಹೆಂಚಿನ ಬಣ್ಣದ ಎರಡು ವೈರು ಮಾತ್ರ ಕಣ್ಣಮುಂದಿನಿಂದ ಹೋಗುತ್ತಿರಲಿಲ್ಲ.

ಮೂರನೇ ವಾರ ಪೂರ್ತಿ ಗೊತ್ತಾಯಿತು. ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮಿಲಿಂದ. ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತ, ಯಾರದೋ ಮನೆಯ ಸುದ್ದಿ ಅನ್ನುವ ಹಾಗೆ ಕೇಳಿದೆ: "ಸ್ವಿಚ್ಚು ಬಂದ್ ಮಾಡಿದ್ರೂ ಎಲ್‌ಇಡಿ ಬಲ್ಬು ಸಣ್ಣಗ ಮಿಣುಕತೈತಿ ಅಂದ್ರ ಏನಣ್ಣ ಅದು?"

"ಯಾವನೋ ಶ್ಯಾಣ್ಯಾ ವೈರ್ ಉಲ್ಟಾ ಕೊಟ್ಟಾನ. ಕರೆಂಟ್ ಬರೂ ವೈರ್ ಸ್ವಿಚ್ಚಿಗೆ ಬರಬೇಕು. ಅಂವ ವಾಪಸ್ ಹೋಗೂದನ್ನ ಸ್ವಿಚ್ಚಿಗೆ ಕೊಟ್ಟಾನ. ಫ್ಯಾನ್, ಲೈಟ್ ಎಲ್ಲಾ ಬಂದ್ ಆಗತಾವ, ಆದ್ರ ಮ್ಯಾಲೆ ಕರೆಂಟ್ ನಿಂತ ಇರತೈತಿ. ಮುಟ್ಟಿದಾಂವ ಹೋದ." ರೊಟ್ಟಿ ಮುರಿದು ಚಟ್ನಿಗೆ ಅದ್ದಿದ. "ಯಾರ್ ಮನ್ಯಾಗೋ?"

"ಗೆಳ್ಯಾನ ಮನ್ಯಾಗ."

"ಲಗೂ ಹೇಳ ಅವಂಗ. ಯಾರರ ಸತ್ತಾರು."

ಡಬ್ಬಿ ಮುಚ್ಚಿದೆ. ಒಳಗೆ ಪುಂಡಿಪಲ್ಯ ಹಾಗೇ ಉಳಿದಿತ್ತು. ಸಂಜೆ ಅವ್ವ ಕೇಳಿದಾಗ "ಉಪ್ಪು ಜಾಸ್ತಿ ಆಗಿತ್ತು" ಅಂದೆ. ಅವ್ವ ಅದಕ್ಕೂ ಬೇಜಾರು ಮಾಡಿಕೊಂಡಳು.

ಅಷ್ಟರಲ್ಲಿ ಮಾತು ಓಣಿ ತಿರುಗಿ ಬಂದಿತ್ತು. ಯಜ್ಞೇಶ್ವರ ಮಾಸ್ತರರು ಅಪ್ಪನ ಹತ್ತಿರ ಕಟ್ಟೆಯ ಮೇಲೆ ಕೂತು ಹೇಳಿದ್ದು ನನ್ನ ಕಿವಿಗೇ ಬಿತ್ತು.

"ಆರು ವಾರ ಕಾಯಾಕ ನನಗೇನೂ ಅವಸರ ಇಲ್ಲ ಯಮನಪ್ಪನವರ. ಗ್ವಾಡಿ ಗಿಲಾವ್ ಇನ್ನೂ ಬಾಕಿ ಐತಿ. ಆದ್ರ ಮೇನ್ ತಗೀಲಾರದ ಕೈ ಹಾಕೂ ಮನಷ್ಯಾನ ಕೈಯಾಗ ಹೊಸಾ ಮನಿ ಹೆಂಗ ಕೊಡ್ಲಿ? ನಮ್ಮ ಮನ್ಯಾಗ ಸಣ್ಣ ಹುಡುಗ್ರು ಅದಾವ."

"ಅದೂ ಖರೇನ," ಅಂದ ಅಪ್ಪ.

ಒಳಗೆ ಆಯಿ ಅದನ್ನು ಕೇಳಿಸಿಕೊಂಡು ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟಳು. ದಿನಾ ಮಧ್ಯಾಹ್ನ ರೊಟ್ಟಿ, ಪಲ್ಯ ಕಟ್ಟಿಕೊಂಡು ಕಾಕಾನ ಮನೆಗೆ ಹೋಗುತ್ತಿದ್ದಳು. ಅಕ್ಕ ನೀರು ಬಂದ ದಿನ ಬೆಳಿಗ್ಗೆ ನಮ್ಮ ಮನೆಯ ಕೊಡ ಬಿಟ್ಟು ಮೊದಲು ಕರೀಮಾಬಿ ಕಾಕಿಯ ಕೊಡ ತುಂಬುತ್ತಿದ್ದಳು. ಅವಳ ಪುಸ್ತಕ ಮುಚ್ಚಿಯೇ ಇರುತ್ತಿತ್ತು.

"ಪರೀಕ್ಷಾ ಹತ್ರ ಬಂತು, ಓದ ನೀಲಾ," ಅಂದಳು ಅವ್ವ.

"ಆ ಟೇಬಲ್ಲಿಗೆ ಕುಂತ್ರ ಅವ್ರು ಬಿದ್ದ ಜಾಗಾನ ಕಾಣತೈತಿ."

"ಅಡಿಗಿಮನ್ಯಾಗ ಕುಂಡ್ರು."

"ಅಲ್ಲಿ ಕುಂತ್ರೂ ನಾನ ಅಲ್ಲೇನ ಮೇನ್ ತಗೀಬ್ಯಾಡ್ರಿ ಅಂದಾಕಿ?"

ನಾನು ಆ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದೆ. ಮೂಲೆಯ ಅಂಗಡಿಯಲ್ಲಿ ಗಿರ್ಮಿಟ್ ತಿಂದೆ. ಗೆಳೆಯರಿಗೆ ಎರಡು ಡೈಲಾಗು ಹೊಡೆದು ನಗಿಸಿದೆ. ಮನೆಗೆ ಬಂದು ಹೇಳಿದ್ದು ಇಷ್ಟೇ: "ಫ್ಯಾನಿಗೆ, ಲೈಟಿಗೆ ಯಾರೂ ಕೈ ಹಚ್ಚಬ್ಯಾಡ್ರಿ." ಎಲ್ಲರೂ ಅಂದರು, ಪ್ರಬುಗೆ ಎಷ್ಟು ಕಾಳಜಿ.

ಮೇ ಮೊದಲ ಐತವಾರ ಆಯಿ ಕಾಕಾ, ಕಾಕಿ ಇಬ್ಬರನ್ನೂ ಊಟಕ್ಕೆ ಕರೆದಳು. ಕಾಕಾ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ. ಕಾಕಿಯ ಜೊತೆಗೆ ದಾರಿಯಲ್ಲಿ ಯಜ್ಞೇಶ್ವರ ಮಾಸ್ತರರನ್ನೂ ಕರೆದುಕೊಂಡು ಬಂದಿದ್ದ.

"ಊಟಕ್ಕ ಮೊದಲ ಒಂದ ಕೆಲಸ ಐತ್ರಿ ಅವ್ವಾರ. ಈ ಬೋರ್ಡು ಬಿಚ್ಚಿ ನೋಡಬೇಕು. ಕೈ ತಪ್ಪಿತ್ತೋ, ವೈರ್ ತಪ್ಪಿತ್ತೋ. ಮಾಸ್ತರೂ ನೋಡ್ಲಿ. ಇದ ಒಂದ ವಿಚಾರದಾಗ ಮೂರು ವಾರ ನಿದ್ದಿಲ್ಲ ನನಗ." ಎಡಗೈಯಿಂದ ಸ್ಕ್ರೂ ಡ್ರೈವರು ನನ್ನ ಕಡೆ ಚಾಚಿದ. "ಪ್ರಬು, ಬಾ. ನನಗ ಒಂದ ಕೈ ಇಲ್ಲ."

ಎಲ್ಲರೂ ಪಡಸಾಲೆಯಲ್ಲಿ ನಿಂತಿದ್ದರು. ನಾನು ಮೇನ್ ತೆಗೆದೆ. ಒಂದು, ಎರಡು, ಮೂರು, ನಾಲ್ಕು ಸ್ಕ್ರೂ. ಬೋರ್ಡು ತೆರೆಯಿತು. ಕಾಕಾನ ಹಳೇ ಕರಿ ಟೇಪಿನ ನಡುವೆ ನನ್ನ ನೀಲಿ ಟೇಪು.

ಆಗ ನಾನು ಏನು ಮಾಡಿದೆ ಗೊತ್ತೆ? ಸ್ಕ್ರೂ ಡ್ರೈವರು ನೆಲಕ್ಕೆ ಬಿಸಾಕಿದೆ. ಎಲ್ಲರ ಕಡೆ ತಿರುಗಿ ಎದೆ ಮೇಲೆ ಕೈ ಇಟ್ಟು ಹೇಳಿದೆ: "ನಿಲ್ರಿ! ತಪ್ಪು ವೈರಿಂದಲ್ಲ, ವಯಸ್ಸಿಂದಲ್ಲ, ಅಕ್ಕಂದಲ್ಲ. ಈ ಟೇಪು ಸುತ್ತಿದ ಕೈ ನಂದು. ಕಾಕಾನ ಕೈ ಮುರದದ್ದು ನನ್ನ ನಾಲಗಿ." ಅಪ್ಪ ಕೈ ಎತ್ತಿದ. ಕಾಕಾ ಎಡಗೈಯಿಂದ ಅವನ ಮುಂಗೈ ಹಿಡಿದು, "ಬ್ಯಾಡ್ರಿ, ಖರೆ ಹೇಳಿದಾಂವ ಮಗ ಆಗ್ತಾನ" ಅಂದ. ಅಕ್ಕ ಅತ್ತು ನನ್ನನ್ನು ತಬ್ಬಿಕೊಂಡಳು. ಮಾಸ್ತರರು ಕಾಕಾನ ಮುಂದೆ ಬಂದು, "ಕೆಲಸ ನಿಮ್ಮದ" ಅಂದರು. ಆಯಿ ಕಣ್ಣು ಒರೆಸಿಕೊಂಡಳು.

ಕಾರ್ಖಾನೆಯ ಹುಡುಗರಿಗೆ ನಾನು ಹೀಗೇ ಹೇಳಿದ್ದೇನೆ. ಎರಡು ಸಲ ಹೇಳಿದ್ದೇನೆ. ಎರಡನೇ ಸಲ ಒಬ್ಬ ಚಪ್ಪಾಳೆ ತಟ್ಟಿದ. ಇದನ್ನು ಬರೆಯಲು ಕೂತದ್ದೂ ಇಲ್ಲಿಗೇ ನಿಲ್ಲಿಸೋಣ ಅಂತ.

ಆದದ್ದು ಬೇರೆ.

ಬೋರ್ಡು ತೆರೆದಾಗ ಕಾಕಾ ಮೊದಲು ನೀಲಿ ಟೇಪು ನೋಡಿದ. ಮುಖ ಹತ್ತಿರ ತಂದು ನೋಡಿದ. ಆಮೇಲೆ ಎರಡು ವೈರಿನ ಜಾಡು ಹಿಡಿದು ಬೆರಳಿನಿಂದ ಗಾಳಿಯಲ್ಲೇ ಸ್ವಿಚ್ಚಿನವರೆಗೆ ಹೋದ, ವಾಪಸ್ಸು ಬಂದ. ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಕಾಯುವಾಗ ನೋಡುತ್ತಾರಲ್ಲ, ಹಾಗೆ.

"ಈ ಬೋರ್ಡಿಗೆ ಯಾರರ ಕೈ ಹಚ್ಚಿದ್ರೇನ್ರಿ?" ಅಂತ ಕೇಳಿದ. ಕೇಳಿದ್ದು ಎಲ್ಲರನ್ನು, ಕಣ್ಣು ನನ್ನ ಮೇಲೇ ಇತ್ತು.

"ಯಾರ್ ಹಚ್ತಾರ್ರೀ?" ಅಂದ ಅಪ್ಪ. "ನಮ್ಮ ಪ್ರಬು ಅವತ್ತ ಸ್ಕ್ರೂ ಬಿಗಿ ಮಾಡಿದ್ದಷ್ಟ. ಹೌದಲ್ಲೋ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. ಹೌದು ಅಂತ.

"ಮಿಣುಕು ಮಾತ್ರ ಮೊದಲ ಇರ್ಲಿಲ್ಲ," ಅಂದಳು ಆಯಿ, ಮೆಲ್ಲಗೆ.

"ಸುಮ್ನಿರವ್ವಾ, ಅವ್ರು ನೋಡಾಕತ್ತಾರ," ಅಂದ ಅಪ್ಪ.

ಕಾಕಾ ನೀಲಿ ಟೇಪಿನ ತುದಿಯನ್ನು ಎಡಗೈ ಉಗುರಿನಿಂದ ಒತ್ತಿ ಮತ್ತೆ ನನ್ನ ಕಡೆ ನೋಡಿದ. ನಾನು ಬೋರ್ಡಿನ ಕಟ್ಟಿಗೆಯ ಗೆರೆ ಎಣಿಸುತ್ತಿದ್ದೆ. ಆಮೇಲೆ ಅವನು ಮಾಸ್ತರರ ಕಡೆ ತಿರುಗಿ ಹೇಳಿದ: "ವೈರ್ ಉಲ್ಟಾ ಅದಾವ್ರಿ ಮಾಸ್ತರ. ಹುಡುಗ ಮುಟ್ಟಿಲ್ಲ ಅಂದಮ್ಯಾಲೆ ಈ ಬೋರ್ಡಿಗೆ ಬಿದ್ದದ್ದ ಕೈ ನಂದ ಒಂದ. ಮೂವತ್ತ ವರ್ಷದ ಹಿಂದ ನಾನ ಹಿಂಗ ಕೂಡಿಸಿರಬೇಕು. ಅವತ್ತ ಟೆಸ್ಟರ್ ಕಿಸೇದಾಗ ಇತ್ತು, ಹಚ್ಚಿ ನೋಡ್ಲಿಲ್ಲ. ಅದೂ ನಂದ ತಪ್ಪು."

ಮಾಸ್ತರರು ಚಪ್ಪಲಿ ಮೆಟ್ಟಿದರು. "ನನಗ ಮನ್ಯಾಗ ಕಾಯ್ತಿರತಾರ" ಅಂತ ಹೇಳಿ ಹೋದರು. ಮಾರನೇ ವಾರ ಅವರ ಮಾ‍ಳಿಗೆಯ ಮೇಲೆ ಬೇರೆ ಯಾರೋ ಡ್ರಿಲ್ಲು ಹೊಡೆಯುತ್ತಿದ್ದರು. ಕಾಕಿಯ ಕಣ್ಣಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ ಈಗ. ಅಕ್ಕ ಪರೀಕ್ಷೆಗೆ ಹೋದಳು, ಅರ್ಧ ಬರೆದು ಬಂದಳು.

ಅಂದು ಮಾಸ್ತರರು ಹೋದ ಮೇಲೆ ಕಾಕಾ ತಗ್ಗಿದ ದನಿಯಲ್ಲಿ ನನಗೆ ಹೇಳಿಕೊಟ್ಟ: "ಇದನ್ನ ಬಿಚ್ಚು. ಇದನ್ನ ಅಲ್ಲಿ ಕೊಡು. ಹಾಂ. ಜ್ವಾಕಿ. ಟೇಪು ಬಿಗಿ ಸುತ್ತು." ಸುತ್ತಿದೆ. ಮೇನ್ ಹಾಕಿ, ಸ್ವಿಚ್ಚು ಒತ್ತಿ ಆರಿಸಿದೆವು. ಬಲ್ಬು ಪೂರ್ತಿ ಆರಿತು. ನಾಲ್ಕು ಸ್ಕ್ರೂ ನಾನೇ ಬಿಗಿ ಮಾಡಿದೆ.

ಊಟಕ್ಕೆ ಕೂತೆವು. ನನ್ನ ತಟ್ಟೆ ಕಾಕಾನ ತಟ್ಟೆಯ ಎದುರಿಗೇ ಬಂತು. ಅವನಿಗೆ ಎಡಗೈಯಲ್ಲಿ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಕಣ್ಣು ಸರಿಯಾಗಿ ಕಾಣದ ಕಾಕಿ ತಡವಿ ತಡವಿ ಮುರಿದು ಸಾರಿನಲ್ಲಿ ನೆನೆಹಾಕಿ ಚಮಚ ಕೊಟ್ಟಳು. ಆಯಿ ಬಡಿಸುತ್ತ ಬಂದವಳು ನನ್ನ ತಟ್ಟೆಗೂ ಬಡಿಸಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಅಪ್ಪ ನನಗೆ ಬುದ್ಧಿ ಹೇಳಿದ, ಕಾಕಾನ ಮುಂದೆಯೇ.

"ನೋಡ್ಕೋ ಪ್ರಬು. ಎಷ್ಟ ವರ್ಷದ ಕೆಲಸಗಾರ ಇದ್ರೂ ಒಂದ ತಪ್ಪಿಗೆ ಹೆಂಗ ಆತು. ನೀನೂ ಇದ ಲೈನಿನ್ಯಾಗ ಬರಾಂವ. ಕಾಕಾನ್ನ ನೋಡಿ ಕಲಿ."

ಕಾಕಾ ಚಮಚ ತಟ್ಟೆಯಲ್ಲಿಟ್ಟು ನನ್ನ ಕಡೆ ನೋಡಿ ತಲೆ ಆಡಿಸಿದ. "ಹೌದಪಾ. ನನ್ನ ನೋಡಿ ಕಲಿ."

ನಾನು "ಹೂಂ" ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.